ಐಸ್ ಪ್ಲಾಂಟಿನ ಎದುರು ಉಪ್ಪಿನ ಅಂಗಡಿ

ಹಂಪನಕಟ್ಟೆಯ ಮೂರನೇ ಮಾಳಿಗೆಯಲ್ಲಿ
ನನಗೆ ಕೊಟ್ಟ ಕೆಲಸ ಸುಲಭದ್ದು:
ನಲವತ್ತು ಕಂಪೆನಿ, ಎರಡು ಕಾಲಮ್ಮು.
ಸೈಕ್ಲಿಕಲ್ ಎಡಕ್ಕೆ, ಡಿಫೆನ್ಸಿವ್ ಬಲಕ್ಕೆ,
ಶನಿವಾರದೊಳಗೆ.

ಉಕ್ಕು ಎಡಕ್ಕೆ. ಸಿಮೆಂಟು ಎಡಕ್ಕೆ.
ಸಾಬೂನು, ಜ್ವರದ ಮಾತ್ರೆ, ಹಲ್ಲುಪುಡಿ ಬಲಕ್ಕೆ.
ಹದಿನೇಳನೆಯದಕ್ಕೆ ಕೈ ನಿಂತಿತು.
ಗೋಡೆಗೆ ಬಣ್ಣ ಮಾಡುವ ಕಂಪೆನಿ.
ಬಣ್ಣ ಅಗತ್ಯವೋ ಆಸೆಯೋ?
ಮದುವೆ ಗೊತ್ತಾದ ಮನೆಯಲ್ಲಿ ಕೇಳಿದರೆ ಒಂದು ಉತ್ತರ,
ಗೊತ್ತಾದದ್ದು ಮುರಿದ ಮನೆಯಲ್ಲಿ ಇನ್ನೊಂದು.

ಕೊಡೆ ಹಿಡಿದು ಬಂದರಿಗೆ ಇಳಿದೆ.
ಜುಲೈ. ಕಡಲಿಗೆ ರಜೆ.
ಬೋಟುಗಳು ಒಂದರ ಹೆಗಲಿಗೆ ಒಂದು ಒರಗಿ
ಟರ್ಪಾಲು ಹೊದ್ದು ಮಲಗಿದ್ದವು.
ಲಿಗೋರಿ ಲೋಬೊರ ಐಸ್ ಪ್ಲಾಂಟಿನಲ್ಲಿ
ಮಂಜುಗಡ್ಡೆ ಜಾರುವ ಹಲಗೆಯ ಮೇಲೆ ಬೆಕ್ಕು ಮರಿ ಹಾಕಿತ್ತು.
"ಸೆಪ್ಟೆಂಬರಿನಲ್ಲಿ ಬಂದರೆ ಮಾತಾಡಲು ಪುರುಸೊತ್ತಿಲ್ಲ,
ಈಗ ಬಂದಿದ್ದೀರಿ, ಮಾತಾಡಲು ಎಂತದೂ ಇಲ್ಲ.
ಮೋಟಾರು ನಿಂತರೆ ಮಿನಿಮಮ್ ಬಿಲ್ಲು ನಿಲ್ಲುತ್ತದಾ?
ಬಡ್ಡಿಗೆ ಮಳೆಗಾಲ ಉಂಟಾ?"
ಬರೆದುಕೊಂಡೆ: ಎಡಕ್ಕೆ.

ಎದುರಿಗೇ ಪೊಡಿಯಬ್ಬರ ಅಂಗಡಿ.
ಕುಚ್ಚಲಕ್ಕಿ, ಬೆಂಕಿಪೆಟ್ಟಿಗೆ, ತೆಂಗಿನೆಣ್ಣೆ,
ಒದ್ದೆಯಾಗದ ಹಾಗೆ ಎತ್ತರದಲ್ಲಿಟ್ಟ ಉಪ್ಪಿನ ಚೀಲ.
ಯಾವ ಮಳೆಯಲ್ಲೂ ಗಂಜಿ ಬೇಕು,
ಗಂಜಿಗೆ ಉಪ್ಪು ಬೇಕು.
ತಕ್ಕಡಿ ಒಂದು ಗಳಿಗೆ ಸುಮ್ಮನಿರಲಿಲ್ಲ.
ಇದು ಬಲಕ್ಕೆ, ಎಂದೆ, ಜೋರಾಗಿಯೇ.

ಅವರು ಗೋಣಿಯ ಅಡಿಯಿಂದ ಕೆಂಪು ಪುಸ್ತಕ ತೆಗೆದರು.
ಜೂನ್ ಒಂದರಿಂದ ಪುಟಪುಟವೂ ಹೆಸರು:
ಬೋಟಿನ ಹೆಸರು, ತಾಂಡೇಲನ ಹೆಸರು,
ಬರೀ 'ಉದ್ದದವನು' ಎಂದು ಬರೆದ ಒಬ್ಬ ಖಲಾಸಿ.
ಎಲ್ಲ ಮೊತ್ತಕ್ಕೂ ಒಂದೇ ಷರಾ,
ಬಂಗುಡೆ ಬಂದ ಮೇಲೆ.
"ಅಕ್ಕಿ ಮಾರುವುದು ನಾನು, ಸರಿ.
ದುಡ್ಡು ಕೊಡುವುದು ಕಡಲಲ್ಲವಾ, ಮಗಳೇ?"

ಇಷ್ಟು ದಿನ ಮಾಲು ಯಾವುದೆಂದು ಕೇಳಿದ್ದೆ.
ಹಣ ಯಾವ ಕಿಸೆಯಿಂದ ಹೊರಟಿತು,
ಆ ಕಿಸೆ ತುಂಬುವುದು ಯಾವ ತಿಂಗಳು,
ಕೇಳಿರಲಿಲ್ಲ.

ಪಕ್ಕದ ಚಾವಡಿಯಲ್ಲಿ ಬಲೆ ಹರಡಿಕೊಂಡು ರುಕ್ಕು ತಿಂಗಳಾಯ.
ಊರೇ ಕೈಕಟ್ಟಿ ಕುಳಿತ ಹೊತ್ತು ಅವಳಿಗೆ ಮೈತುಂಬ ಕೆಲಸ.
ಬೋಟು ಹೊರಟ ದಿನ ಅವಳ ಸೀಸನ್ನು ಮುಗಿಯಿತು.
ಅವಳಿಗೆ ನನ್ನ ಹಾಳೆಯಲ್ಲಿ ಜಾಗವೇ ಇರಲಿಲ್ಲ.
ನೂಲು ಕಡಿದು ಹೇಳಿದಳು:

"ನನ್ನ ಭಾವ ಬುದ್ಧಿವಂತ, ಮಾರಾಯ್ತಿ.
ಮೀನು ರಾಶಿ ಬಿದ್ದ ಅಕ್ಟೋಬರಿನಲ್ಲಿ
ಬೋಟಿನ ಪಾಲು ತೆಗೆದುಕೊಂಡ.
ಆ ವರ್ಷದ ಲಾಭದಲ್ಲಿ ಭಾಗಿಸಿದ,
ನಾಲ್ಕೇ ವರ್ಷಕ್ಕೆ ಅಸಲು! ಪುಕ್ಕಟೆ ಸಿಕ್ಕಿತು ಅಂದ.
ಮರುವರ್ಷ ಮೀನು ಬೇರೆ ದಾರಿ ಹಿಡಿಯಿತು.
ಅದರ ಮರುವರ್ಷವೂ.
ಬೋಟಿನ ಬೆಲೆ ಕೇಳುವುದಾದರೆ ಆಟಿಯಲ್ಲಿ ಕೇಳಬೇಕು,
ಯಜಮಾನನಿಗೆ ಅದರ ಮುಖ ನೋಡಲಿಕ್ಕಾಗದಾಗ.
ಆಗ ಭಾಗಿಸಲು ಲಾಭವೇ ಇರುವುದಿಲ್ಲ,
ಭಾರೀ ದುಬಾರಿ ಕಾಣುತ್ತದೆ.
ಆದರೆ ಹಲಗೆ ಬಡಿದು ನೋಡು. ಸಾಲ ಎಷ್ಟುಂಟು ಕೇಳು.
ಸಾಲದ ಬೋಟು ಆಟಿ ದಾಟುವುದಿಲ್ಲ."

ಶನಿವಾರ ಸಾಹೇಬರು ಹಾಳೆ ತಿರುಗಿಸಿ ಮುರುಗಿಸಿ ನೋಡಿದರು.
"ಕಾಲಮ್ಮು ಎರಡು ಹೇಳಿದ್ದು.
ಈ ಮೂರನೆಯದು ಎಂತದು, 'ಯಾರ ಕಿಸೆ'?
ಬಣ್ಣದ ಕಂಪೆನಿ ಎಲ್ಲಿ?"
ಸೋಮವಾರ ಹೇಳುತ್ತೇನೆ ಎಂದೆ.
ಸೋಮವಾರವೂ ನನಗೆ ಗೊತ್ತಿರಲಿಲ್ಲ.

ಆ ದಿನ ಬರುವಾಗ ಅರ್ಧ ಕಿಲೊ ಉಪ್ಪು ಕೊಂಡಿದ್ದೆ, ನಗದು ಕೊಟ್ಟು.
ಪೊಡಿಯಬ್ಬರು ನೋಟನ್ನು ಬೆಳಕಿಗೆ ಹಿಡಿದು
ಸ್ವಲ್ಪ ಹೊತ್ತು ನೋಡಿದರು.
ಖೋಟಾ ಇರಬಹುದೆಂದಲ್ಲ.
ನೋಟು ಕಾಣದೆ ಬಹಳ ದಿನವಾಗಿತ್ತು.