ಏಳನೇ ಗಾಜು

ನವನಗರದ ಅಂಚೆ ಆಫೀಸಿನ ಮುಂದ, ಬೇವಿನ ನೆರಳಾಗ
ನನ್ನ ಅಂಗಡಿ ಅಂದ್ರ ಒಂದು ಗೋಣಿತಟ್ಟು,
ದಬ್ಬಣ, ಮೇಣ ಹಚ್ಚಿದ ನೂಲು, ಕೆಂಪು ಅರಗಿನ ಕಡ್ಡಿ,
ಮತ್ತ ಒಂದು ಚೀಲ ಹತ್ತಿ.
ಪಾರ್ಸೆಲ್ ಹೊಲಿಯೋರು ಹತ್ತಿ ಇಡೂದಿಲ್ಲ, ರದ್ದಿ ಕಾಗದ ತುರುಕತಾರ.
ನಾ ಪಿಂಜಾರ. ಇಡತೀನಿ.

ಕಾಳಕ್ಕ ಪತ್ತಾರ ಬಂದ್ಲು ಮಂಗಳವಾರ,
ತುಂಬಿದ ಹಾಲಿನ ಗಿಂಡಿ ಹಿಡದಂಗ
ಒಂದು ತಗಡಿನ ಪೆಟಗಿ ಹಿಡಕೊಂಡು.
"ಬಂಗಾರೇನು?" ಅಂದೆ, ಪತ್ತಾರರ ಮನಿಯಾಕಿ ಅಂತ.
"ಬಂಗಾರಿದ್ರ ಅಂಜಿಕಿ ಇರತಿರಲಿಲ್ಲ ಮಕ್ತುಮಣ್ಣ,
ಬಿದ್ರ ಸೊಟ್ಟಾಗತೈತಿ, ಕಾಸಿ ಬಡದ್ರ ಮತ್ತ ಬಂಗಾರ.
ಇದು ಗಾಜು."

ಆಕಿ ಸ್ವಾದರಮಾವ ತಕ್ಕಡಿ ಬಿಟ್ಟು ಕ್ಯಾಮೆರಾ ಹಿಡದಾಂವ.
ಹಳೇ ಊರಾಗ ಅವನ ಸ್ಟುಡಿಯೋ ಇತ್ತು, ಈಗ ಅಲ್ಲಿ ಮೀನ ಅದಾವ.
ಹನ್ನೆರಡು ಗಾಜಿನ ಪಟ.
ಪುಣೆದಾಗ ಯಾರೋ ಇದ್ದಾರಂತ, ತೊಳದು
ಕಾಗದಕ್ಕ ಇಳಿಸಿಕೊಡೋರು.

ಕೇಳವಾ, ಗಾಜು ಮಲಗಿಸಬಾರದು, ನಿಂದರಸಬೇಕು.
ಗಾಜಿಗೆ ಗಾಜು ತಾಗಬಾರದು. ನೆಗೆಣ್ಣೇರಂಗ ಅವು,
ನಡುವ ಗ್ವಾಡಿ ಇದ್ರ ಒಂದ ಮನ್ಯಾಗ ಇರತಾವ.
ಪೆಟಗ್ಯಾಗ ಪೆಟಗಿ, ನಡುವ ನಾಕು ಬೆರಳು ಹತ್ತಿ.
ವಿಳಾಸದ ಚೀಟಿ ಒಳಗೂ ಒಂದು,
ಹೊರಗಿಂದು ಹರದ್ರ ಒಳಗಿಂದು ಮಾತಾಡತೈತಿ.
ಮ್ಯಾಲ "ಒಡೆಯುವ ವಸ್ತು" ಅಂತ ಬರೀತೀನಿ, ಬರದ್ರೂ ಒಗೀತಾರ.
ಒಗದ್ರೂ ಒಡೀಬಾರದು, ಹಂಗ ಕಟ್ಟೂದು ನನ್ನ ಕೆಲಸ.

ಒಂದೊಂದ ಬಿಸಲಿಗೆ ಹಿಡದು ಬಿರುಕು ನೋಡಿದೆ.
ಗಾಜಿನ್ಯಾಗ ಎಲ್ಲಾ ತಿರುವು ಮುರುವು:
ಆಕಾಶ ಕರಿ, ನೆರಳು ಬಿಳಿ,
ಮಂದಿ ಕರೀ ಹಲ್ಲು ಬಿಟ್ಟು ನಗತಾರ.
ಟಾಂಗಾ ಸ್ಟ್ಯಾಂಡು, ಸೀರಿ ಅಂಗಡಿ ಸಾಲು,
ಯಾರದೋ ಮದಿವಿ, ನದಿಗಿಳಿಯೋ ಮೆಟ್ಟಲು.
ಆರು ನೋಡಿ ಸುತ್ತಿಟ್ಟೆ.

ಏಳನೇದರಾಗ ಒಬ್ಬಾಂವ ಕುಂತಾನ, ಮುಂದ ಕರೀ ರಾಶಿ.
ಇದ್ದಲಿ ಮಾರಾಂವೇನೋ ಅಂದಕೊಂಡೆ.
ಕೈಯಾಗ ಬಿಲ್ಲು.
ಇದ್ದಲಿ ಅಲ್ಲ ಅದು.
ಗಡ್ಡ ಕರ್ರಗ. ನಾ ಕಂಡಾಗೆಲ್ಲ ಅದು ಬೆಳ್ಳಗ ಇತ್ತು.
ಬಾಗಲದಾಗ ಒಬ್ಬ ಹುಡುಗ, ಅಲ್ಲಾಡಿ ಮಸುಕಾದಾಂವ.
ಅವತ್ತ ಒಂದ ಗಳಿಗಿ ನೆಟ್ಟಗ ನಿಂದರಾಕ
ಆಗಲಿಲ್ಲ ನನಗ.

ಕಾಳಕ್ಕ ಸೆರಗು ಹೊತ್ತು ಕೇಳಿದ್ಲು, "ಒಡದೈತೇನು?"
"ಇಲ್ಲವಾ. ಮೂಲ್ಯಾಗ ಒಂದೀಟು ಕಲಿ."

ಸುತ್ತಿದೆ. ಹೊಲದೆ. ಅರಗು ಕಾಸಿ ಹೊಲಿಗಿ ಮ್ಯಾಲ ಹನಿಸಿ ಠಸೆ ಒತ್ತಿದೆ.
ಕಿವಿಗೆ ಹಿಡದು ಅಲ್ಲಾಡಿಸಿದೆ, ಸಪ್ಪಳ ಬರಬಾರದು.
ಬರಲಿಲ್ಲ. ಆದ್ರೂ ಸ್ವಲ್ಪ ಹೊತ್ತು ಕಿವಿಗೇ ಹಿಡಕೊಂಡಿದ್ದೆ.

ಕೌಂಟರಿನ ಹುಡುಗ ಕೇಳಿದ, "ವಿಮಾಕ್ಕ ಬೆಲಿ ಎಷ್ಟು ಬರೀಲಿ?"
ಕಾಳಕ್ಕ ನನ್ನ ಕಡೆ ನೋಡಿದ್ಲು, ನಾ ತಕ್ಕಡಿ ಕಡೆ.
"ಐದು ಸಾವಿರ," ಅಂದ್ಲು. ತಡದು, "ಹತ್ತು."

ತೂಕ ನಾಕು ಕಿಲೋ ಮ್ಯಾಲ ಅರವತ್ತು ಗ್ರಾಂ.
ಅರವತ್ತು ಗ್ರಾಮಿಗೆ ಮುಂದಿನ ದರ.
"ಒಂದ ಹಿಡಿ ಹತ್ತಿ ತಗದು ಬರ್ರಿ," ಅಂದ ಹುಡುಗ.
ಅರಗು ಆರಿತ್ತು.
ಎಲ್ಲಾ ಗಾಜಿಗೂ ಒಂದೊಂದ ಪದರು ಹತ್ತಿ, ಏಳನೇದಕ್ಕ ಮೂರು.

ಮ್ಯಾಲಿನ ರೊಕ್ಕ ನಾ ಕೊಟ್ಟೆ.
"ನೀ ಯಾಕೋ ಮಕ್ತುಮಣ್ಣ?" ಅಂದ್ಲು ಕಾಳಕ್ಕ.
"ಹತ್ತಿ ನಂದಲ್ಲೇನವಾ," ಅಂದೆ.