ಸುರಂಗ

ಪೆರ್ಲದ ಬಸ್ ತಂಗುದಾಣದ ಎದುರು ನನ್ನದೊಂದು ಅಂಗಡಿ.
ಒಡೆದ ಗಾಜು ಬದಲಿಸುವುದು, ರೀಚಾರ್ಜು, ಜೆರಾಕ್ಸು;
ಮತ್ತೊಂದು ಕೆಲಸ ಉಂಟು, ಬೋರ್ಡಿನಲ್ಲಿ ಬರೆದಿಲ್ಲ.

ನಾಳೆ ಗಲ್ಫಿಗೆ ಹಾರುವವರು
ಕ್ಷೌರ ಮುಗಿಸಿ, ಕತ್ತಿನ ಪೌಡರು ಒರೆಸದೆ
ನೇರ ಇಲ್ಲಿಗೇ ಬರುತ್ತಾರೆ:
‘ಅದೊಂದು ಹಾಕಿಬಿಡು ಮಾರಾಯ,
ಅಲ್ಲಿ ಇಳಿದ ಮೇಲೆ ಸಿಗುವುದಿಲ್ಲವಂತೆ.’
ಹೌದು. ಬೀಗ ತೆಗೆಯುವವನ ಅಂಗಡಿಗೂ
ಅಲ್ಲಿ ಬೀಗ.

ಸವಾದ್ ಮಾತ್ರ ಹಾಕಿಸದೆ ಹೋದ.
ಹೆಂಡತಿಗೆ ಆಗ ಏಳು ತಿಂಗಳು,
ಆಸ್ಪತ್ರೆಯಿಂದ ನೇರ ವಿಮಾನಕ್ಕೆ ಓಡಿದ್ದ.

ಈಗ ಮಿಸ್ರಿಯಾ ಬಂದು ನಿಂತಿದ್ದಾಳೆ,
ಹೆಗಲ ಮೇಲೆ ನಾಲ್ಕು ತಿಂಗಳ ಕೂಸು.
ಫೋಟೋ ಹೋಗುತ್ತದೆ, ಸ್ವರ ಹೋಗುತ್ತದೆ,
ಮುಖ ನೋಡುವ ಕರೆ ಮಾತ್ರ
ಸುತ್ತುತ್ತದೆ, ಸುತ್ತುತ್ತದೆ, ಕಪ್ಪಾಗುತ್ತದೆ.

‘ವೀಡಿಯೊ ಮಾಡಿ ಕಳಿಸಬಹುದಲ್ಲ’ ಅಂದೆ.
‘ಕಳಿಸಿದ್ದೇನೆ, ಮೂವತ್ತೊಂದು.
ಅವರು ಅಲ್ಲಿಂದ ಕರೆದರೆ
ವೀಡಿಯೊದ ಮಗು ತಿರುಗುವುದಿಲ್ಲ.’

ನಾನು ಬಿಡಿಸಿ ಹೇಳಿದೆ:
ಅವನ ಫೋನು ತಾನು ನಾರ್ವೆಯಲ್ಲಿದ್ದೇನೆಂದು
ಒಂದು ಸುಳ್ಳು ಹೇಳಬೇಕು.
ಆ ಸುಳ್ಳಿನಿಂದ ನಿನ್ನ ಫೋನಿನವರೆಗೆ
ಒಂದು ಸುರಂಗ.

ಹೊರಗೆ ಬೆಂಚಿನಲ್ಲಿ ಅಪ್ಪ ತಲೆ ಎತ್ತಿದ.
ಬಾಯಾರು, ಶೇಣಿ, ಎಣ್ಮಕಜೆ,
ಮುರಕಲ್ಲಿನ ಗುಡ್ಡಗಳ ಹೊಟ್ಟೆಯಲ್ಲಿ
ಮೊಣಕಾಲೂರಿ ನೀರು ಹುಡುಕಿದವ, ನಲವತ್ತೆರಡು ಸಲ.
ಈಗ ಕಣ್ಣಿಗೆ ಪೊರೆ, ಕಾಲಿಗೆ ಎಣ್ಣೆ.

‘ಎಷ್ಟು ಕೋಲು?’
‘ಅಳತೆ ಇಲ್ಲಪ್ಪ. ಸಮುದ್ರದ ಆಚೆಗೆ.’
‘ನೀರು ಸಿಗುತ್ತದಾ?’
‘ಮುಖ ಸಿಗುತ್ತದೆ.’

ಸ್ವಲ್ಪ ಹೊತ್ತು ಎಲೆ ಜಗಿದ.
‘ನಾವು ಒಳಗೆ ಮೋಂಬತ್ತಿ ಇಡುತ್ತಿದ್ದೆವು.
ಅದು ಸಣ್ಣಗಾದರೆ ಗಾಳಿ ಮುಗಿಯಿತೆಂದು ಲೆಕ್ಕ.
ಪಿಕ್ಕಾಸು ಅಲ್ಲೇ ಬಿಟ್ಟು ಹಿಂದೆ ಸರಿಯಬೇಕು.
ಆ ಹುಡುಗನ ಕೈಯಲ್ಲಿ
ಎಂತ ಉಂಟು?’

ಇವನೇ, ಸಾರಡ್ಕದ ಗಡಿ ಮುಚ್ಚಿದ ವರ್ಷ
ಅಕ್ಕನ ಔಷಧಿಯನ್ನು ಲುಂಗಿಗೆ ಕಟ್ಟಿಕೊಂಡು
ಇರುಳಲ್ಲಿ ಗುಡ್ಡ ಇಳಿದು ಬಂದವನು.
ಕಾನೂನು ಹೇಳಿಕೊಡುವ ಜಾತಿಯವನಲ್ಲ.
ಹಾಗಾಗಿ ಮಾತು ನೆಟ್ಟಿತು.

ನೂರು ನೂರು ರೂಪಾಯಿ ಎಣಿಸಿಕೊಂಡು
ನಾನು ಎಷ್ಟು ಜನರಿಗೆ ಹಾಕಿಕೊಟ್ಟಿದ್ದೇನೆ,
ಒಬ್ಬನಿಗೂ ಹೇಳಿರಲಿಲ್ಲ.
ಅವತ್ತು ಮಿಸ್ರಿಯಾಳಿಗೆ ಹೇಳಿದೆ:
ಅಲ್ಲಿ ಸಿಕ್ಕಿಬಿದ್ದರೆ ದಂಡ ಬೀಳಬಹುದು,
ದಂಡ ಸಣ್ಣದಲ್ಲ, ಕೆಲಸವೂ ಹೋದೀತು.
ಹಾಕುವುದು ಎರಡು ನಿಮಿಷ.

ಅವಳು ಮಗುವಿನ ಟೊಪ್ಪಿ ಸರಿಮಾಡಿದಳು,
ಸರಿಯಾಗಿಯೇ ಇದ್ದ ಟೊಪ್ಪಿಯನ್ನು
ಮತ್ತೊಮ್ಮೆ.
‘ಅವರನ್ನೇ ಕೇಳುತ್ತೇನೆ’ ಅಂದಳು.
ಫೈಲು ಮಾತ್ರ ಅವಳ ಫೋನಿಗೆ ಹಾಕಿಕೊಟ್ಟೆ,
ಕಳಿಸುವುದು ಬಿಡುವುದು ಅವರವರಿಗೆ.
ದುಡ್ಡು ಮುಂದೆ ಚಾಚಿದಳು;
ನನ್ನ ಕೈ ಏಳಲಿಲ್ಲ.

ಆಮೇಲೆ ಬರಲಿಲ್ಲ.

ಶುಕ್ರವಾರ ಕುಂಬಳೆಯ ಬಸ್ಸಿನಲ್ಲಿ ಕಂಡಳು,
ಕಿಟಕಿಯ ಪಕ್ಕ,
ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಫೋನು.
ಫೋನಿನ ಬೆನ್ನು ನನ್ನ ಕಡೆಗಿತ್ತು.
ಹಳೆಯ ವೀಡಿಯೊವೋ,
ನಾರ್ವೆಯಿಂದ ಬಂದ ಅಪ್ಪನೋ,
ಇಲ್ಲಿಂದ ಹೇಗೆ ಹೇಳುವುದು?
ತುಟಿಗಳು ಆಡುತ್ತಿದ್ದವು, ಅವಳದ್ದು.

ಬಸ್ಸು ಅಲುಗಿತು.
ಮಗು ತಟ್ಟನೆ ತಲೆ ತಿರುಗಿಸಿತು,
ಹಾರ್ನಿಗೋ,
ಹೆಸರಿಗೋ.