ಶಂಟ್

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು
"ತಲೆಯೊಳಗೆ ನೀರು ನಿಂತಿದೆ, ಶಂಟ್ ಹಾಕಬೇಕು" ಅಂದರು.
ಅಪ್ಪ ನಕ್ಕ.
"ಎಷ್ಟು ವ್ಯಾಗನ್ನು? ಯಾವ ಲೈನಿಗೆ?"

ಡಾಕ್ಟರಿಗೆ ತಿಳಿಯಲಿಲ್ಲ. ಇನ್ನೂ ಹುಡುಗ, ಪಾಪ.
ಯಶವಂತಪುರದ ಯಾರ್ಡಿನಲ್ಲಿ ಮೂವತ್ತೊಂದು ವರ್ಷ
ಬಾವುಟಗಳನ್ನು ಕಂಕುಳಲ್ಲಿ ಸಿಕ್ಕಿಸಿ
ಬಫರುಗಳ ನಡುವೆ ಬಗ್ಗಿ ನುಸುಳಿ
ಕೊಂಡಿ ಕಳಚಿದ ಅಂತೋಣಪ್ಪ ಎದುರಿಗೇ ಕೂತಿದ್ದಾನೆಂದು
ಫಿಲ್ಮಿನಲ್ಲಿ ಕಾಣುವುದಿಲ್ಲವಲ್ಲ.

ನಿಮ್ಹಾನ್ಸಿನ ಉದ್ದದ ವರಾಂಡ.
ಅಡ್ಮಿಷನ್ನಿನ ನಂಬರು ಕೂಗುವ ತನಕ ಕೆಲಸವಿಲ್ಲ.
ಫೋನಿನಲ್ಲಿ ನಿಘಂಟು ತೆರೆದೆ,
ಮನೆಯಲ್ಲಿ ಬೈಸಿಕೊಳ್ಳುವ ಚಟ ನನ್ನದು.

ಶಂಟ್, ಕ್ರಿಯಾಪದ:
ಒಂದು ಹಳಿಯಿಂದ ಇನ್ನೊಂದಕ್ಕೆ ದಾಟಿಸು.
ಕೆಳಗೆ, ಸಣ್ಣ ಅಕ್ಷರದಲ್ಲಿ:
ಮಾತು ರೈಲಿಗಿಂತ ಎಷ್ಟೋ ಹಳೆಯದು,
ಬೆದರಿ ಥಟ್ಟನೆ ಪಕ್ಕಕ್ಕೆ ಸರಿ ಎಂಬುದು ಮೊದಲ ಅರ್ಥ;
'ದೂರವಿರು' ಎಂಬ ಇನ್ನೊಂದು ಮಾತಿನ
ಮಗುವಿರಬಹುದು.
ಇರಬಹುದು. ಖಚಿತವಿಲ್ಲ.
ಅಷ್ಟು ದಪ್ಪದ ನಿಘಂಟೂ ಒಮ್ಮೊಮ್ಮೆ
ತಲೆ ಕೆರೆದುಕೊಳ್ಳುತ್ತದೆ.

ಓದಿ ಹೇಳಿದೆ. ಅಪ್ಪ ತುಸು ಸುಮ್ಮನಿದ್ದು
"ಹಂಗಾದ್ರೆ ಅದು ನಮ್ಮ ಸುಲ್ತಾನನ ಮಾತು" ಅಂದ.

ಸುಲ್ತಾನ ಅಂದರೆ ತಾತ ರಾಯಪ್ಪನ ಜಟಕಾ ಕುದುರೆ.
ಮತ್ತೀಕೆರೆ ಗೇಟಿನಲ್ಲಿ ಇಂಜಿನ್ನು ಸಿಳ್ಳೆ ಹಾಕಿತೋ,
ಗಾಡಿ, ಸವಾರಿ, ಸೇವಂತಿಗೆ ಕುಕ್ಕೆ ಸಮೇತ
ಮೋರಿಗೆ ಹಾರುತ್ತಿತ್ತಂತೆ.
ತಾತ ಚಾವಟಿ ಎತ್ತುತ್ತಿರಲಿಲ್ಲ.
ಕಿವಿಯ ಬುಡ ಸವರಿ
"ಆಯ್ತು ಮಗಾ, ಹೋಯ್ತು ಅದು" ಅನ್ನುತ್ತಿದ್ದನಂತೆ.
ಆಮೇಲೆ ಮಗನನ್ನು
ಅದೇ ಸಿಳ್ಳೆಯ ಕೆಲಸಕ್ಕೆ ಸೇರಿಸಿದ.

ಕುದುರೆಯ ಮೈನಡುಕ ಕಬ್ಬಿಣಕ್ಕೆ ಹೇಗೆ ಬಂತೋ.
ಬೆದರಿ ಸರಿಯುವುದೆಲ್ಲಿ,
ಯಾರೋ ಸನ್ನೆಕೋಲು ಎಳೆದು ಸರಿಸುವುದೆಲ್ಲಿ?

"ನನ್ನನ್ನೂ ಶಂಟ್ ಮಾಡಿದ್ರು" ಅಂದ ಅಪ್ಪ, ಎಡಗೈ ನೋಡುತ್ತ.
ಕೊಂಡಿ ಎರಡು ಬೆರಳು ತಿಂದ ವರ್ಷ
ದೀಪದ ಕೋಣೆಗೆ ಹಾಕಿದ್ದರು.
ಸೀಮೆಎಣ್ಣೆ ವಾಸನೆ, ಮಸಿ ಒರೆಸುವ ಬಟ್ಟೆ,
ಹೊರಗೆ ಬೇರೆ ಯಾರದೋ ಬಾವುಟ.
ಅದನ್ನು ಇಷ್ಟು ವರ್ಷ ಹೇಳಿರಲಿಲ್ಲ,
ನಾನೂ ಕೇಳಿರಲಿಲ್ಲ.

ಈಗ ಕಿವಿಯ ಹಿಂದಿನಿಂದ ಕೊಳವೆ,
ಕತ್ತಿನ ಚರ್ಮದಡಿ ಇಳಿದು ಹೊಟ್ಟೆಗೆ.
"ಮೇನ್ ಲೈನು ಖಾಲಿಯಾದ್ರೆ ನಡಿಗೆ ಸರಿಹೋಗುತ್ತಾ?"
ಹೋಗಬಹುದು ಅಂದಿದ್ದಾರಪ್ಪಾ. ಖಚಿತವಿಲ್ಲ.

ಅಷ್ಟರಲ್ಲಿ ಸ್ಟ್ರೆಚರೊಂದು ಗೋಡೆಗೆ ಬಡಿಯಿತು, ಧಡ್!
ನೆಲಕ್ಕಂಟಿದ ಅವನ ಕಾಲು ಎರಡೂ
ಒಮ್ಮೆಗೇ ಪಕ್ಕಕ್ಕೆ ಸರಿದವು.
ನನ್ನ ಕೈ ತಾನಾಗಿ ಅವನ ಕಿವಿಯ ಬುಡಕ್ಕೆ ಹೋಯಿತು,
ಬಾಯಿಗೆ ಮಾತು ಬರಲಿಲ್ಲ.

ನಲವತ್ತೇಳು, ಎಂದು ಕೂಗಿದರು.
ನಮ್ಮದು ಐವತ್ತೆರಡು.